ಯುರೋಪಿನಲ್ಲಿ ಕಂಪನಿ ತೆರೆಯುವುದಾದರೆ ಯಾವ ದೇಶ? ಎಸ್ಟೋನಿಯಾ, ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್ ಹೋಲಿಕೆ

"ಯುರೋಪಿನಲ್ಲಿ ಒಂದು ಕಂಪನಿ ಮಾಡಬೇಕು, ತೆರಿಗೆ ಕಡಿಮೆ ಇರುವ ದೇಶ ಯಾವುದು?" ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮೂರು ಬಗೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಯುರೋಪಿನ ಗಿರಾಕಿಗಳಿಗೆ ಸಾಫ್ಟ್‌ವೇರ್, ಡಿಸೈನ್ ಕೆಲಸ ಮಾಡಿಕೊಡುವವರು ಒಂದು ಬಗೆ. ಮ್ಯೂನಿಕ್, ಐಂಡ್‌ಹೋವನ್, ಡಬ್ಲಿನ್ ಕಡೆ ನೌಕರಿಯಲ್ಲಿದ್ದು ಸ್ವಂತದ್ದೇನಾದರೂ ಶುರು ಮಾಡಬೇಕೆಂದಿರುವವರು ಇನ್ನೊಂದು. ಅಲ್ಲಿ ಓದು ಮುಗಿಸುತ್ತಿರುವ ವಿದ್ಯಾರ್ಥಿಗಳು ಮೂರನೆಯವರು. ಮೂವರ ಪ್ರಶ್ನೆ ಒಂದೇ ಆದರೂ ಉತ್ತರ ಒಂದೇ ಅಲ್ಲ. ಕಂಪನಿ ಎಲ್ಲಿ ನೋಂದಣಿಯಾಗಿದೆ ಎನ್ನುವುದಕ್ಕಿಂತ, ನೀವು ಎಲ್ಲಿ ವಾಸವಿದ್ದು ಅದನ್ನು ನಡೆಸುತ್ತೀರಿ ಎನ್ನುವುದೇ ಕೊನೆಗೆ ಕೈಗೆ ಬರುವ ಹಣವನ್ನು ತೀರ್ಮಾನಿಸುತ್ತದೆ. ಜಾಹೀರಾತಿನಲ್ಲಿ ಕಾಣುವ ತೆರಿಗೆ ದರ ಅದರಲ್ಲೊಂದು ಸಣ್ಣ ಭಾಗ ಮಾತ್ರ.

ಇಲ್ಲಿನ ದರಗಳು 2025ರವು. ಬೇರೆ ವರ್ಷದ್ದಾದ ಕಡೆ ಹಾಗೆಂದೇ ಬರೆದಿದೆ. ಸಹಿ ಹಾಕುವ ಮೊದಲು ಆ ದೇಶದ ಲೆಕ್ಕಪರಿಶೋಧಕರನ್ನೂ, ನೀವು ಭಾರತದಲ್ಲೇ ಇದ್ದರೆ ವಿದೇಶಿ ಹೂಡಿಕೆಯ ಕಾಗದಪತ್ರ ಗೊತ್ತಿರುವ ಸಿಎ ಒಬ್ಬರನ್ನೂ ಕೇಳಲೇಬೇಕು.

ಮೊದಲು ಅಳತೆಗೋಲು

ಐದು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ವರ್ಷದ ಹೆಚ್ಚು ದಿನ ನೀವು ಎಲ್ಲಿರುತ್ತೀರಿ? ನಿಮ್ಮ ವೀಸಾ ಸ್ವಂತ ವ್ಯವಹಾರಕ್ಕೆ ಅನುಮತಿ ಕೊಡುತ್ತದೆಯೇ? ಗಿರಾಕಿಗಳು ಕಂಪನಿಗಳೋ, ಸಾಮಾನ್ಯ ಗ್ರಾಹಕರೋ? ಲಾಭವನ್ನು ಕಂಪನಿಯಲ್ಲೇ ಬೆಳೆಸುತ್ತೀರೋ, ತಿಂಗಳ ಮನೆಖರ್ಚಿಗೆ ತೆಗೆಯುತ್ತೀರೋ? ಎರಡು ವರ್ಷಕ್ಕೆ ವ್ಯವಹಾರ ಕೈಕೊಟ್ಟರೆ ಮುಚ್ಚಲು ಎಷ್ಟು ಕಾಲ, ಎಷ್ಟು ದುಡ್ಡು?

ನಾಲ್ಕನೆಯ ಪ್ರಶ್ನೆಯನ್ನು ಅಂಕಿಗಳಲ್ಲೇ ನೋಡೋಣ. ಕಂಪನಿಗೆ 1,000 ಯೂರೋ ಲಾಭ ಬಂತು, ಅದನ್ನೆಲ್ಲ ಡಿವಿಡೆಂಡ್ ಆಗಿ ಮಾಲೀಕ ತೆಗೆದುಕೊಂಡ ಎಂದಿಟ್ಟುಕೊಳ್ಳಿ.

ಎಸ್ಟೋನಿಯಾದಲ್ಲಿ ಕಂಪನಿ, ಮಾಲೀಕನೂ ಅಲ್ಲೇ ವಾಸ: ಹಂಚುವಾಗ 220 ಯೂರೋ ತೆರಿಗೆ, ಕೈಗೆ 780. ಬರ್ಲಿನ್‌ನಲ್ಲಿ ಕಂಪನಿ, ಮಾಲೀಕನೂ ಅಲ್ಲೇ: ಕಂಪನಿ ತೆರಿಗೆ ಕಳೆದು ಸುಮಾರು 698, ಡಿವಿಡೆಂಡ್ ಮೇಲಿನ 26.375% ಕಳೆದರೆ ಸುಮಾರು 514. ನೆದರ್‌ಲ್ಯಾಂಡ್ಸ್‌ನಲ್ಲಿ ಎರಡೂ ಕಡೆ ಕೆಳಗಿನ ದರದ ಮಿತಿಯೊಳಗಿದ್ದರೆ 810, ಆಮೇಲೆ 24.5% ಹೋಗಿ ಸುಮಾರು 612. ಐರ್ಲೆಂಡಿನ ಹೆಸರಾಂತ 12.5% ಕಳೆದು 875 ಉಳಿಯುತ್ತದೆ ನಿಜ. ಆದರೆ ಮಾಲೀಕ ಅಲ್ಲೇ ವಾಸವಿದ್ದು ಮೇಲಿನ ಆದಾಯ ಹಂತದಲ್ಲಿದ್ದರೆ ವೈಯಕ್ತಿಕ ತೆರಿಗೆ, ಆದಾಯದ ಮೇಲಿನ ಹೆಚ್ಚುವರಿ ಶುಲ್ಕ ಯುಎಸ್‌ಸಿ, ಸಾಮಾಜಿಕ ವಿಮೆ ಪಿಆರ್‌ಎಸ್‌ಐ ಸೇರಿ 52% ಹತ್ತಿರ ಹೋಗುತ್ತದೆ. ಕೈಗೆ ಬರುವುದು ಸುಮಾರು 420. ಕಂಪನಿ ತೆರಿಗೆ ಕಡಿಮೆ ಎಂದು ಹೆಸರಾದ ದೇಶ, ಹಣ ಹೊರತೆಗೆಯುವಾಗ ಪಟ್ಟಿಯ ಕೊನೆಗೆ ಬಂತು.

ಈಗ ಅದೇ ಎಸ್ಟೋನಿಯಾ ಕಂಪನಿಯ ಮಾಲೀಕ ಬೆಂಗಳೂರಿನಲ್ಲಿದ್ದರೆ? ಬಂದ 780ಕ್ಕೆ ಭಾರತದಲ್ಲಿ ಸ್ಲ್ಯಾಬ್ ಪ್ರಕಾರ ತೆರಿಗೆ. 30% ಸ್ಲ್ಯಾಬ್, 4% ಸೆಸ್ ಸೇರಿ 31.2% ಹೋದರೆ ಉಳಿಯುವುದು 537. ಎಸ್ಟೋನಿಯಾದಲ್ಲಿ ಕಟ್ಟಿದ್ದು ಕಂಪನಿಯ ತೆರಿಗೆಯೇ ಹೊರತು ಡಿವಿಡೆಂಡ್ ಪಡೆದವರಿಂದ ಹಿಡಿದುಕೊಂಡ ತೆರಿಗೆಯಲ್ಲ, ಹಾಗಾಗಿ ಭಾರತದ ರಿಟರ್ನ್‌ನಲ್ಲಿ ಅದಕ್ಕೆ ವಜಾ ಸಿಗುವುದಿಲ್ಲ. ಬೆಂಗಳೂರಿನಲ್ಲೇ ಪ್ರೈವೇಟ್ ಲಿಮಿಟೆಡ್ ಇದ್ದಿದ್ದರೆ 25.17% ಕಳೆದು ಡಿವಿಡೆಂಡ್ ತೆಗೆದರೆ ಸುಮಾರು 515. ಅಂತರ 22 ಯೂರೋ. ಎಸ್ಟೋನಿಯಾದ ವಿಳಾಸ ಸೇವೆ, ಲೆಕ್ಕಪತ್ರ, ಭಾರತದ ಹೆಚ್ಚುವರಿ ಫೈಲಿಂಗ್‌ಗಳ ಖರ್ಚು ಆ ಅಂತರವನ್ನು ನುಂಗಿಹಾಕುತ್ತದೆ.

ಕಂಪನಿಯೇ ಬೇಡ ಎನ್ನುವ ಆಯ್ಕೆ

ಭಾರತದಲ್ಲಿ ಕೂತು ಕೆಲಸ ಮಾಡುವವರು ಮೊದಲು ಇದನ್ನೇ ಗಂಭೀರವಾಗಿ ತೂಗಿ ನೋಡಬೇಕು. ಯುರೋಪಿನ ಕಂಪನಿಗೆ ಸೇವೆ ಮಾರಲು ಯುರೋಪಿನ ಕಂಪನಿಯೇ ಆಗಿರಬೇಕೆಂಬ ನಿಯಮವಿಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ಆರ್ಥಿಕ ವರ್ಷ ಶುರುವಾಗುವ ಮೊದಲೇ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ, ರಫ್ತಿನ ಬಿಲ್‌ಗೆ ಜಿಎಸ್‌ಟಿ ಹಾಕದೆ ಕಳಿಸಬಹುದು. ಅಲ್ಲಿನ ಗಿರಾಕಿ ಕಂಪನಿ ತನ್ನ ದೇಶದ ವ್ಯಾಟನ್ನು ರಿವರ್ಸ್ ಚಾರ್ಜ್ ಮೂಲಕ ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಂಜಿನಿಯರಿಂಗ್, ತಾಂತ್ರಿಕ ಸಲಹೆಯಂಥ ನಿಗದಿತ ವೃತ್ತಿಯವರಿಗೆ ಅಂದಾಜು ತೆರಿಗೆ ಪದ್ಧತಿ ಇದೆ: ನಗದು ಸ್ವೀಕೃತಿ 5% ಮೀರದಿದ್ದರೆ ವರ್ಷಕ್ಕೆ 75 ಲಕ್ಷ ರೂಪಾಯಿವರೆಗಿನ ಸಂಪಾದನೆಯಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ಖರ್ಚು ಹೆಚ್ಚಿಲ್ಲದವರ ಕೈಯಲ್ಲಿ ಮೇಲಿನ ಲೆಕ್ಕದ 1,000 ಯೂರೋದಲ್ಲಿ ಸುಮಾರು 844 ಉಳಿಯುತ್ತದೆ. ಮೇಲೆ ಹೇಳಿದ ಯಾವ ದೇಶದಲ್ಲೂ ಮಾಲೀಕನ ಕೈಗೆ ಇಷ್ಟು ಬರಲಿಲ್ಲ.

ಆ್ಯಪ್, ಆನ್‌ಲೈನ್ ಕೋರ್ಸ್‌ನಂಥ ಡಿಜಿಟಲ್ ಸರಕನ್ನು ಯುರೋಪಿನ ಸಾಮಾನ್ಯ ಗ್ರಾಹಕರಿಗೆ ಮಾರುವವರಿಗೆ ಮಾತು ಬೇರೆ. ಅವರು ಮೊದಲ ಮಾರಾಟದಿಂದಲೇ ಗ್ರಾಹಕರ ದೇಶದ ವ್ಯಾಟ್ ವಸೂಲು ಮಾಡಿ ಕಟ್ಟಬೇಕು. ಅದಕ್ಕೂ ಕಂಪನಿ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನವರಿಗಾಗಿ ಇರುವ ಒಎಸ್‌ಎಸ್ ಎಂಬ ಏಕಗವಾಕ್ಷಿ ವ್ಯವಸ್ಥೆಯಲ್ಲಿ ಯಾವುದಾದರೂ ಒಂದು ಸದಸ್ಯ ರಾಷ್ಟ್ರದಲ್ಲಿ ನೋಂದಾಯಿಸಿ, ಮೂರು ತಿಂಗಳಿಗೊಮ್ಮೆ 27 ದೇಶಗಳ ವ್ಯಾಟನ್ನೂ ಒಂದೇ ರಿಟರ್ನ್‌ನಲ್ಲಿ ಕಟ್ಟಬಹುದು.

ಹಾಗಾದರೆ ಯುರೋಪಿನ ಕಂಪನಿ ಯಾವಾಗ ಬೇಕು? ಗಿರಾಕಿಯ ಖರೀದಿ ವಿಭಾಗ ಯುರೋಪಿನಲ್ಲಿ ನೋಂದಾಯಿತ ಪೂರೈಕೆದಾರರೇ ಬೇಕೆಂದು ಪಟ್ಟು ಹಿಡಿದಾಗ, ಅಲ್ಲೇ ನೌಕರರನ್ನು ಇಟ್ಟುಕೊಳ್ಳಬೇಕಾದಾಗ, ಅಲ್ಲಿನ ಹೂಡಿಕೆದಾರರ ಹಣ ತರುವಾಗ, ಗೋದಾಮು ಇಟ್ಟು ಸರಕು ಮಾರುವಾಗ, ಅಥವಾ ನೀವೇ ಅಲ್ಲಿಗೆ ಹೋಗಿ ನೆಲೆಸಿದಾಗ.

ಎಸ್ಟೋನಿಯಾ

2014ರ ಡಿಸೆಂಬರ್‌ನಲ್ಲಿ ಶುರುವಾದ ಇ-ರೆಸಿಡೆನ್ಸಿ, ಜಗತ್ತಿನ ಯಾವ ಮೂಲೆಯಲ್ಲಿದ್ದವರಿಗೂ ಎಸ್ಟೋನಿಯಾದ ಡಿಜಿಟಲ್ ಗುರುತಿನ ಚೀಟಿ ಕೊಡುತ್ತದೆ. ಆನ್‌ಲೈನ್ ಅರ್ಜಿ, ಹಿನ್ನೆಲೆ ಪರಿಶೀಲನೆ, ಆಮೇಲೆ ನವದೆಹಲಿಯ ರಾಯಭಾರ ಕಚೇರಿಗೆ ಖುದ್ದಾಗಿ ಹೋಗಿ ಬೆರಳಚ್ಚು ಕೊಟ್ಟು ಕಾರ್ಡ್ ತರಬೇಕು. ಕಾರ್ಡಿನ ಆಯುಷ್ಯ ಐದು ವರ್ಷ. ಅದು ಬಂದ ಮೇಲೆ ಅಲ್ಲಿನ ಖಾಸಗಿ ನಿಯಮಿತ ಕಂಪನಿಯಾದ ಒಯೂವನ್ನು ಮನೆಯಿಂದಲೇ ನೋಂದಾಯಿಸಬಹುದು. ಕಾಗದಗಳು ಸರಿಯಿದ್ದರೆ ಕೆಲವೇ ಕೆಲಸದ ದಿನಗಳ ವಿಷಯ. ಸರ್ಕಾರಿ ನೋಂದಣಿ ಶುಲ್ಕ 265 ಯೂರೋ. ಮೊದಲು 2,500 ಯೂರೋ ಇದ್ದ ಕನಿಷ್ಠ ಬಂಡವಾಳವನ್ನು 2023ರ ಫೆಬ್ರವರಿಯಿಂದ ತೆಗೆದುಹಾಕಿದ್ದಾರೆ, ಈಗ ಒಂದು ಸೆಂಟ್ ಇದ್ದರೂ ನಡೆಯುತ್ತದೆ.

ನಿಜವಾದ ಲಾಭ ಒಂದೇ: ಕಂಪನಿಯೊಳಗೆ ಉಳಿಸಿಕೊಂಡ ಲಾಭಕ್ಕೆ ತೆರಿಗೆ ಸೊನ್ನೆ. ಹಂಚುವಾಗ ಮಾತ್ರ, 2025ರ ಜನವರಿಯಿಂದ 22/78 ಲೆಕ್ಕದಲ್ಲಿ, ಅಂದರೆ ಕೈಗೆ ಹೋಗುವ ಪ್ರತಿ 78 ಯೂರೋಗೆ 22 ಯೂರೋದಂತೆ ಕಟ್ಟಬೇಕು. ಲಾಭವನ್ನು ಹಲವು ವರ್ಷ ಹೊಸ ಉತ್ಪನ್ನಕ್ಕೆ, ನೌಕರರಿಗೆ ಸುರಿಯುವವರಿಗೆ ಇದು ಒಳ್ಳೆಯ ವ್ಯವಸ್ಥೆ. ತಿಂಗಳು ತಿಂಗಳು ಹಣ ತೆಗೆಯುವವರಿಗೆ ಇದರಿಂದ ಬರುವುದೇನೂ ಇಲ್ಲ. ನಿರ್ದೇಶಕನ ಗೌರವಧನವೆಂದು ತೆಗೆದರೆ ಎಸ್ಟೋನಿಯಾದಲ್ಲೇ 22% ಆದಾಯ ತೆರಿಗೆ, ಅದರ ಜೊತೆಗೆ ಕಂಪನಿಯ ಮೇಲೆ 33% ಸಾಮಾಜಿಕ ತೆರಿಗೆ ಬೀಳುತ್ತದೆ.

ಎಡವುವ ಕಡೆಗಳು ಮೂರು. ಇ-ರೆಸಿಡೆನ್ಸಿ ವೀಸಾ ಅಲ್ಲ, ತೆರಿಗೆ ವಾಸವೂ ಅಲ್ಲ. ಎರಡನೆಯದು ಬ್ಯಾಂಕ್: ಅಲ್ಲಿನ ಸಾಂಪ್ರದಾಯಿಕ ಬ್ಯಾಂಕುಗಳು ಎಸ್ಟೋನಿಯಾದಲ್ಲಿ ಗಿರಾಕಿಯೋ, ನೌಕರರೋ, ಕಚೇರಿಯೋ ಇರಬೇಕೆಂದು ನೋಡುತ್ತವೆ. ಅದಿಲ್ಲದವರು ವೈಸ್‌ನಂಥ ಪಾವತಿ ಸಂಸ್ಥೆಗಳ ಖಾತೆಯಲ್ಲೇ ನಡೆಸಬೇಕು. ದಿನದ ವಹಿವಾಟಿಗೆ ಅದು ಸಾಕು, ಸಾಲ ಕೇಳುವಾಗ ಸಾಲದು. ಮೂರನೆಯದು ವಾರ್ಷಿಕ ಖರ್ಚು. ಆಡಳಿತ ಮಂಡಳಿ ಹೊರದೇಶದಲ್ಲಿದ್ದರೆ ಎಸ್ಟೋನಿಯಾದಲ್ಲಿ ಕಾನೂನು ವಿಳಾಸ ಮತ್ತು ಪರವಾನಗಿ ಪಡೆದ ಸಂಪರ್ಕ ವ್ಯಕ್ತಿ ಕಡ್ಡಾಯ. ಅದಕ್ಕೆ ಲೆಕ್ಕಪತ್ರದ ಶುಲ್ಕವೂ ಸೇರಿ ವರ್ಷಕ್ಕೆ ಸಾವಿರ ಯೂರೋ ದಾಟುವುದು ಸಾಮಾನ್ಯ. ವಹಿವಾಟೇ ಇಲ್ಲದಿದ್ದರೂ ಲೆಕ್ಕವರ್ಷ ಮುಗಿದ ಆರು ತಿಂಗಳೊಳಗೆ ವಾರ್ಷಿಕ ವರದಿ ಹಾಕಲೇಬೇಕು.

ರಾಜಕೀಯದ ಕಡೆಯಿಂದ ನೋಡಿದರೆ, ಎಸ್ಟೋನಿಯಾದ ಆಡಳಿತ ಸ್ವಚ್ಛ, ವೇಗ. ಆದರೆ ಉಕ್ರೇನ್ ಯುದ್ಧದ ನಂತರ ರಕ್ಷಣಾ ವೆಚ್ಚ ಏರಿ ತೆರಿಗೆಗಳು ಬೇಗ ಬೇಗ ಬದಲಾಗುತ್ತಿವೆ. ವ್ಯಾಟ್ 20%ರಿಂದ 2024ರಲ್ಲಿ 22%ಗೆ, 2025ರ ಜುಲೈನಲ್ಲಿ 24%ಗೆ ಏರಿತು. ಪ್ರತಿವರ್ಷ ಡಿವಿಡೆಂಡ್ ಹಂಚುವ ಕಂಪನಿಗಳಿಗಿದ್ದ 14% ರಿಯಾಯಿತಿ ದರವನ್ನೂ 2025ರಿಂದ ತೆಗೆದರು. ಹಳೆಯ ಲೇಖನಗಳ ಅಂಕಿ ನಂಬಿ ಲೆಕ್ಕ ಹಾಕಬೇಡಿ.

ಜರ್ಮನಿ

ಇಲ್ಲಿ ಶುರು ಮಾಡುವುದು ನಿಧಾನ, ಆದರೆ ಜರ್ಮನ್ ಗಿರಾಕಿಯ ಎದುರು ಜಿಎಂಬಿಎಚ್ ಎಂಬ ಅಲ್ಲಿನ ಖಾಸಗಿ ನಿಯಮಿತ ಕಂಪನಿಯ ಹೆಸರಿಗಿರುವ ತೂಕ ಇನ್ನಾವುದಕ್ಕೂ ಇಲ್ಲ. ಯಂತ್ರ, ವಾಹನ ಬಿಡಿಭಾಗ, ಕಾರ್ಖಾನೆ ಸಾಫ್ಟ್‌ವೇರ್ ಮಾರುವವರಿಗೆ ಈ ತೂಕಕ್ಕೆ ಬೆಲೆಯಿದೆ.

ಜಿಎಂಬಿಎಚ್‌ಗೆ ಬಂಡವಾಳ 25,000 ಯೂರೋ, ನೋಂದಣಿ ವೇಳೆಗೆ ಕನಿಷ್ಠ 12,500 ಖಾತೆಯಲ್ಲಿರಬೇಕು. ಅಷ್ಟು ಇಲ್ಲದವರಿಗೆ 2008ರಲ್ಲಿ ಬಂದ ಯುಜಿ ಎಂಬ ಕಿರು ಜಿಎಂಬಿಎಚ್ ಇದೆ. ಬಂಡವಾಳ ಒಂದು ಯೂರೋನಿಂದ ಶುರು, ಪ್ರತಿವರ್ಷದ ಲಾಭದ ಕಾಲುಭಾಗವನ್ನು ಕಾಯ್ದಿರಿಸಬೇಕು, 25,000 ತುಂಬಿದಾಗ ಜಿಎಂಬಿಎಚ್ ಆಗಿ ಬಡ್ತಿ ಪಡೆಯಬಹುದು. ಒಂದು ಯೂರೋ ಯುಜಿ ಕೇಳಲು ಚೆಂದ, ಮಾಡಲು ಬೇಡ. ನೋಟರಿಯ ಬಿಲ್ಲು ಬಂದ ದಿನವೇ ಕಂಪನಿಯ ಸಾಲ ಆಸ್ತಿಗಿಂತ ಹೆಚ್ಚಾಗುತ್ತದೆ, ದಿವಾಳಿ ಅರ್ಜಿ ಹಾಕುವ ಕಾನೂನು ಹೊಣೆ ನಿರ್ದೇಶಕನ ತಲೆಗೆ ಬರುತ್ತದೆ. ಮೊದಲ ಆರು ತಿಂಗಳ ಖರ್ಚು ತಾಳುವಷ್ಟು, ಎರಡು ಮೂರು ಸಾವಿರ ಯೂರೋವಾದರೂ ಬಂಡವಾಳವಾಗಿ ಹಾಕಿ.

ಕೆಲಸದ ಸರದಿ ಹೀಗಿರುತ್ತದೆ. ಮೊದಲು ನೋಟರಿಯ ಮುಂದೆ ಸ್ಥಾಪನಾ ಪತ್ರಕ್ಕೆ ಸಹಿ. ಮೂವರವರೆಗೆ ಪಾಲುದಾರರು, ಒಬ್ಬನೇ ನಿರ್ದೇಶಕ ಇದ್ದರೆ ಕಾನೂನಿನಲ್ಲೇ ಇರುವ ಮಾದರಿ ಪತ್ರ ಬಳಸಬಹುದು, ಖರ್ಚು ಕೆಲವು ನೂರು ಯೂರೋದಲ್ಲಿ ಮುಗಿಯುತ್ತದೆ. ಆ ಪತ್ರ ಹಿಡಿದು ಬ್ಯಾಂಕ್ ಖಾತೆ, ಅದರಲ್ಲಿ ಬಂಡವಾಳ, ಅದರ ರಸೀದಿ ನೋಟರಿಗೆ, ಅವರಿಂದ ವಾಣಿಜ್ಯ ನೋಂದಣಿ ನ್ಯಾಯಾಲಯಕ್ಕೆ. ಆಮೇಲೆ ಊರಿನ ಕಚೇರಿಯಲ್ಲಿ ವ್ಯಾಪಾರ ಘೋಷಣೆ, ತೆರಿಗೆ ಇಲಾಖೆಯ ಎಲ್‌ಸ್ಟರ್ ಜಾಲತಾಣದಲ್ಲಿ ತೆರಿಗೆ ಪ್ರಶ್ನಾವಳಿ, ಕಂಪನಿಯ ನಿಜವಾದ ಮಾಲೀಕರು ಯಾರೆಂದು ತಿಳಿಸುವ ಪಾರದರ್ಶಕತೆ ನೋಂದಣಿ. ವಾಣಿಜ್ಯ ಮಂಡಳಿ ಐಎಚ್‌ಕೆಯ ಸದಸ್ಯತ್ವ ತಾನಾಗಿ ಬರುತ್ತದೆ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ: ಬ್ಯಾಂಕ್ ಖಾತೆ ತೆರೆಯುವಾಗ, ಮತ್ತು ತೆರಿಗೆ ಸಂಖ್ಯೆಗೆ ಕಾಯುವಾಗ. ಸಂಖ್ಯೆಯಿಲ್ಲದೆ ನಿಯಮಬದ್ಧ ಬಿಲ್ ಹಾಕಲಾಗದು, ಹಾಗಾಗಿ ಮೊದಲ ಹಣ ಬರುವುದೂ ತಡ. ಸಹಿಯಿಂದ ಮೊದಲ ಬಿಲ್‌ವರೆಗೆ ಎರಡು ಮೂರು ತಿಂಗಳು ಹಿಡಿಯಬಹುದೆಂದು ಮನೆಖರ್ಚಿನ ಲೆಕ್ಕ ಹಾಕಿಕೊಳ್ಳಿ.

ಸಣ್ಣದಾಗಿ ಕಂಡು ದೊಡ್ಡ ಪೆಟ್ಟು ಕೊಡುವ ವಿಷಯಗಳಿವೆ. ನೋಂದಣಿ ಪೂರ್ತಿಯಾಗುವ ಮೊದಲು ಕಂಪನಿ ಹೆಸರಲ್ಲಿ ಒಪ್ಪಂದ ಮಾಡಿಕೊಂಡರೆ ಸಹಿ ಹಾಕಿದವರೇ ವೈಯಕ್ತಿಕವಾಗಿ ಹೊಣೆ. ಯುಜಿಯ ಹೆಸರಿನ ಜೊತೆ ಹೊಣೆ ಸೀಮಿತವೆಂದು ಹೇಳುವ ಉದ್ದದ ಜರ್ಮನ್ ಪದವನ್ನು ಪ್ರತಿ ಬಿಲ್, ಪತ್ರ, ಜಾಲತಾಣದಲ್ಲಿ ಪೂರ್ತಿಯಾಗಿ ಬರೆಯಬೇಕು, ಬಿಟ್ಟರೆ ಅಲ್ಲೂ ವೈಯಕ್ತಿಕ ಹೊಣೆ ಅಂಟಿಕೊಳ್ಳಬಹುದು. ನೋಂದಣಿ ಪ್ರಕಟವಾದ ವಾರದಲ್ಲೇ ಹದ್ದಿನ ಚಿಹ್ನೆ ಹೊತ್ತ, ಸರ್ಕಾರಿ ನೋಟಿಸಿನಂತೆ ಕಾಣುವ ಪತ್ರಗಳು ಬರುತ್ತವೆ: "ನೋಂದಣಿ ಪ್ರಕಟಣೆ ಶುಲ್ಕ, ಏಳು ದಿನದೊಳಗೆ ಕಟ್ಟಿ" ಎಂಬ ಧಾಟಿಯಲ್ಲಿ. ಇವುಗಳಲ್ಲಿ ಬಹುಪಾಲು ಮೋಸದವು. ಪ್ರತಿಯೊಂದನ್ನೂ ನೋಟರಿಗೆ ತೋರಿಸದೆ ಒಂದು ಸೆಂಟ್ ಕೂಡ ಕಟ್ಟಬೇಡಿ.

ತೆರಿಗೆ ಊರಿಂದೂರಿಗೆ ಬೇರೆ. ಕೇಂದ್ರದ 15.825% (15% ಮೂಲ ದರ, ಅದರ ಮೇಲಿನ ಸರ್‌ಚಾರ್ಜ್ ಸೇರಿ) ಎಲ್ಲ ಕಡೆ ಒಂದೇ. ಅದರ ಮೇಲೆ ಬರುವ ವ್ಯಾಪಾರ ತೆರಿಗೆಯ ಗುಣಕವನ್ನು, ಅಂದರೆ ಮೂಲ ದರವನ್ನು ಶೇಕಡಾ ಎಷ್ಟರಿಂದ ಗುಣಿಸಬೇಕೆಂಬುದನ್ನು, ಆಯಾ ಪುರಸಭೆ ನಿಗದಿ ಮಾಡುತ್ತದೆ. ಮ್ಯೂನಿಕ್‌ನಲ್ಲಿ 490, ಬರ್ಲಿನ್‌ನಲ್ಲಿ 410, ಡುಸೆಲ್‌ಡಾರ್ಫ್ ಪಕ್ಕದ ಮೋನ್‌ಹೈಮ್‌ನಲ್ಲಿ 250. ಒಟ್ಟು ತೆರಿಗೆ ಕ್ರಮವಾಗಿ ಸುಮಾರು 33%, 30.2%, 24.6%. ಜರ್ಮನಿಯಲ್ಲಿ ನಿಮ್ಮ ತೆರಿಗೆಯ ಅರ್ಧ ಭಾಗ ಬರ್ಲಿನ್‌ನ ಸಂಸತ್ತಿನಲ್ಲಲ್ಲ, ಊರಿನ ಮಂಡಳಿಯಲ್ಲಿ ತೀರ್ಮಾನವಾಗುತ್ತದೆ. ಕೇಂದ್ರದ ದರವೂ 2028ರಿಂದ ವರ್ಷಕ್ಕೊಂದು ಅಂಶದಂತೆ ಇಳಿದು 2032ಕ್ಕೆ 15ರಿಂದ 10% ಆಗುವಂತೆ 2025ರಲ್ಲಿ ಕಾನೂನಾಗಿದೆ.

ಒಬ್ಬರೇ ಕೆಲಸ ಮಾಡುವ ಎಂಜಿನಿಯರ್, ಸಲಹೆಗಾರ, ಅನುವಾದಕರಿಗೆ ಕಂಪನಿಗಿಂತ ಸ್ವತಂತ್ರ ವೃತ್ತಿಪರ ನೋಂದಣಿಯೇ ಮೇಲು. ವ್ಯಾಪಾರ ತೆರಿಗೆ ಇಲ್ಲ, ನೋಟರಿ ಇಲ್ಲ, ಐಎಚ್‌ಕೆ ಇಲ್ಲ. ಆದರೆ ತೆರಿಗೆ ಕಚೇರಿ ನಿಮ್ಮ ಕೆಲಸವನ್ನು ವೃತ್ತಿಯೆಂದು ಒಪ್ಪಬೇಕು, ಮತ್ತು ಆರೋಗ್ಯ ವಿಮೆಯನ್ನು ಪೂರ್ತಿ ನೀವೇ ಕಟ್ಟಬೇಕು.

ಅಲ್ಲಿರುವ ವಿದ್ಯಾರ್ಥಿಗಳು, ಕುಶಲ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿಯವರು ಮೊದಲು ತಮ್ಮ ವಾಸ ಪರವಾನಗಿ ಮತ್ತು ಅದರ ಜೊತೆ ಕೊಟ್ಟಿರುವ ಹಾಳೆ ತೆಗೆದು ಓದಿ. ಅದರಲ್ಲಿ "ಸೆಲ್ಬ್‌ಸ್ಟೆಂಡಿಗೆ ಟೇಟಿಗ್‌ಕೈಟ್ ನಿಖ್ಟ್ ಗೆಷ್ಟಾಟೆಟ್" ಎಂದಿದ್ದರೆ ಸ್ವಂತ ವ್ಯವಹಾರಕ್ಕೆ ಅನುಮತಿಯಿಲ್ಲ. ವಿದೇಶಿಯರ ಕಚೇರಿಯಿಂದ ಬರಹದಲ್ಲಿ ಅನುಮತಿ ಸಿಗುವವರೆಗೆ ಬಿಲ್ ಹಾಕಬೇಡಿ. ಬೆಂಗಳೂರಿನಲ್ಲಿದ್ದುಕೊಂಡೇ ಜಿಎಂಬಿಎಚ್ ಮಾಡುವವರು ಅಧಿಕಾರಪತ್ರದ ಸಹಿಯನ್ನು ಇಲ್ಲಿನ ಜರ್ಮನ್ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿಕೊಳ್ಳುವುದು ಸುರಕ್ಷಿತ. ವಿದೇಶದಲ್ಲಿ ಬಳಸುವ ದಾಖಲೆಗೆ ಭಾರತ ಸರ್ಕಾರ ಹಾಕುವ ಅಪೋಸ್ಟಿಲ್ ದೃಢೀಕರಣ ಮುದ್ರೆಯನ್ನು ಜರ್ಮನಿ ಒಪ್ಪುವುದಿಲ್ಲ.

ನೆದರ್‌ಲ್ಯಾಂಡ್ಸ್

ಇಲ್ಲಿನ ಖಾಸಗಿ ನಿಯಮಿತ ಕಂಪನಿಯಾದ ಬಿವಿಗೆ 2012ರಿಂದ ಬಂಡವಾಳ ಒಂದು ಸೆಂಟ್ ಸಾಕು, ಆದರೆ ನೋಟರಿ ಬೇಕೇ ಬೇಕು. ಇಂಗ್ಲಿಷ್‌ನಲ್ಲೇ ಮುಕ್ಕಾಲು ಕೆಲಸ ಆಗುತ್ತದೆ, ವಾಣಿಜ್ಯ ಮಂಡಳಿ ಕೆವಿಕೆಯ ನೋಂದಣಿ ಬೇಗ ಮುಗಿಯುತ್ತದೆ. ಲಾಭದ ಮೊದಲ 200,000 ಯೂರೋಗೆ 19%, ಮೇಲಿನದ್ದಕ್ಕೆ 25.8%.

ಸಣ್ಣವರ ಕಾಲು ಹಿಡಿದೆಳೆಯುವುದು ಮಾಲೀಕನ ಕನಿಷ್ಠ ಸಂಬಳದ ನಿಯಮ. ಸ್ವಂತ ಬಿವಿಯಲ್ಲಿ ದುಡಿಯುವ ಮುಖ್ಯ ಪಾಲುದಾರ ವರ್ಷಕ್ಕೆ ಸಾಮಾನ್ಯವಾಗಿ 56,000 ಯೂರೋ ಸಂಬಳ ತೆಗೆದುಕೊಳ್ಳಬೇಕು, ಅದಕ್ಕೆ ಸಂಬಳದ ತೆರಿಗೆ ಕಟ್ಟಬೇಕು. ಕಂಪನಿಗೆ ಅಷ್ಟು ಆದಾಯವೇ ಇಲ್ಲವೆಂದು ಅಂಕಿಗಳಿಂದ ತೋರಿಸಿದರೆ ಕಡಿಮೆ ಸಂಬಳಕ್ಕೆ ದಾರಿಯಿದೆ, ಆದರೆ ಆ ಸಾಬೀತು ನಿಮ್ಮ ಹೊಣೆ. ಹಾಗಾಗಿ ವರ್ಷಕ್ಕೆ ಒಂದು ಲಕ್ಷ ಯೂರೋ ಲಾಭ ಕಾಣುವ ತನಕ ಏಕವ್ಯಕ್ತಿ ಉದ್ಯಮವೇ ಸರಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ವರ್ಷಕ್ಕೆ 1,225 ಗಂಟೆ ವ್ಯವಹಾರಕ್ಕೆ ಕೊಟ್ಟವರಿಗೆ ತೆರಿಗೆ ಕಡಿತಗಳೂ ಇವೆ. ಸ್ವಯಂ ಉದ್ಯೋಗಿ ಕಡಿತ ಮಾತ್ರ ವರ್ಷ ವರ್ಷ ಕರಗುತ್ತಿದೆ: 2024ರಲ್ಲಿ 3,750 ಯೂರೋ, 2025ರಲ್ಲಿ 2,470, 2027ಕ್ಕೆ 900. ಒಬ್ಬನೇ ಗಿರಾಕಿಗೆ ವರ್ಷವಿಡೀ ನೌಕರನಂತೆ ದುಡಿಯುವವರ ಮೇಲೆ 2025ರ ಜನವರಿಯಿಂದ ತೆರಿಗೆ ಇಲಾಖೆಯ ಕಣ್ಣೂ ಬಿದ್ದಿದೆ.

ವೀಸಾ ವಿಚಾರದಲ್ಲಿ ನಾಲ್ಕು ದೇಶಗಳ ಪೈಕಿ ನಮ್ಮವರಿಗೆ ಅನುಕೂಲ ಇಲ್ಲೇ ಹೆಚ್ಚು. ಓದು ಮುಗಿಸಿದವರಿಗೆ ಸಿಗುವ ಒಂದು ವರ್ಷದ ಪರವಾನಗಿಯಲ್ಲಿ ಸ್ವಂತ ವ್ಯವಹಾರಕ್ಕೆ ಅಡ್ಡಿಯಿಲ್ಲ. ಕುಶಲ ವಲಸಿಗ ವೀಸಾದಲ್ಲಿರುವವರು ನೌಕರಿಯ ಷರತ್ತು ಪೂರೈಸುತ್ತಲೇ ಪಕ್ಕದಲ್ಲಿ ಸ್ವಂತದ್ದು ನಡೆಸಬಹುದು. ಹೊರಗಿಂದ ಬರುವವರಿಗೆ ಒಂದು ವರ್ಷದ ಸ್ಟಾರ್ಟಪ್ ವೀಸಾ ಇದೆ, ಸರ್ಕಾರ ಮಾನ್ಯ ಮಾಡಿದ ಮಾರ್ಗದರ್ಶಕ ಸಂಸ್ಥೆಯೊಂದು ಜೊತೆಗಿರಬೇಕು.

ಚಿಂತೆಯ ವಿಷಯ ನೀತಿಯ ಅಸ್ಥಿರತೆ. 2023ರ ಜುಲೈನಲ್ಲಿ ಒಂದು ಸರ್ಕಾರ, 2025ರ ಜೂನ್‌ನಲ್ಲಿ ಇನ್ನೊಂದು ಬಿತ್ತು. ಹೊರಗಿನಿಂದ ಬಂದ ನೌಕರರ ಸಂಬಳದ 30% ಭಾಗಕ್ಕೆ ಇದ್ದ ತೆರಿಗೆ ವಿನಾಯಿತಿಯನ್ನು ಮೊದಲು ಹಂತಹಂತವಾಗಿ 10%ಗೆ ಇಳಿಸುವುದಾಗಿ ಕಾನೂನು ಮಾಡಿ, ಆಮೇಲೆ ಅದನ್ನು ಹಿಂದೆಗೆದುಕೊಂಡು 2027ರಿಂದ 27% ಎಂದರು. ಬೆಂಗಳೂರಿನಿಂದ ಎಂಜಿನಿಯರ್‌ಗಳನ್ನು ಕರೆಸಿಕೊಳ್ಳುವ ಯೋಜನೆ ಇರುವವರು ಈ ರಿಯಾಯಿತಿಯನ್ನು ನೆಚ್ಚಿ ಸಂಬಳದ ಲೆಕ್ಕ ಹಾಕಬಾರದು.

ಐರ್ಲೆಂಡ್

ಭಾಷೆ ಇಂಗ್ಲಿಷ್, ಕಾನೂನು ನಮ್ಮ ಕಂಪನಿ ಕಾನೂನಿನಂತೆಯೇ ಬ್ರಿಟಿಷ್ ಮೂಲದ್ದು, ಅಮೆರಿಕದ ಹೂಡಿಕೆದಾರರಿಗೆ ಪರಿಚಿತ ನೆಲ. ನೋಂದಣಿ ಶುಲ್ಕ ಆನ್‌ಲೈನ್‌ನಲ್ಲಿ 50 ಯೂರೋ. ನಿರ್ದೇಶಕ ಒಬ್ಬನೇ ಆದರೆ ಕಾರ್ಯದರ್ಶಿ ಬೇರೆಯವರಿರಬೇಕು.

ಬಾಗಿಲಲ್ಲೇ ತಡೆಯುವ ಷರತ್ತು ಒಂದಿದೆ. ಕನಿಷ್ಠ ಒಬ್ಬ ನಿರ್ದೇಶಕ ಯುರೋಪಿಯನ್ ಆರ್ಥಿಕ ವಲಯದ ನಿವಾಸಿಯಾಗಿರಬೇಕು. ಇಲ್ಲದಿದ್ದರೆ 25,000 ಯೂರೋ ಮೌಲ್ಯದ ಬಾಂಡ್ ಮಾಡಿಸಬೇಕು. ಬಾಂಡ್‌ನ ಪ್ರೀಮಿಯಂ ಎರಡು ವರ್ಷದ ಅವಧಿಗೆ ಸಾಮಾನ್ಯವಾಗಿ 2,000 ಯೂರೋ ಆಸುಪಾಸು, ಆ ದುಡ್ಡು ವಾಪಸ್ ಬರುವಂಥದ್ದಲ್ಲ. ಮೊದಲು ಲಂಡನ್‌ನಲ್ಲಿರುವ ಅಣ್ಣನನ್ನೋ ಸ್ನೇಹಿತನನ್ನೋ ನಿರ್ದೇಶಕ ಮಾಡಿದರೆ ಸಾಕಾಗುತ್ತಿತ್ತು. ಬ್ರೆಕ್ಸಿಟ್‌ನ ಪರಿವರ್ತನಾ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿದ ಮೇಲೆ ಬ್ರಿಟನ್ನಿನ ನಿವಾಸಿ ಲೆಕ್ಕಕ್ಕೆ ಬರುವುದಿಲ್ಲ.

12.5% ದರ ವ್ಯಾಪಾರದ ಲಾಭಕ್ಕೆ ಮಾತ್ರ. ಬಾಡಿಗೆ, ಹೂಡಿಕೆ ಆದಾಯಕ್ಕೆ 25%. ವೃತ್ತಿಪರ ಸೇವಾ ಕಂಪನಿಯಲ್ಲಿ ಲಾಭ ಹಂಚದೆ ಕೂಡಿಟ್ಟರೆ ಅದಕ್ಕೂ ಹೆಚ್ಚುವರಿ ತೆರಿಗೆ ಬೀಳಬಹುದು. ನೋಂದಣಿಯಾದ ಆರು ತಿಂಗಳಿಗೇ ಮೊದಲ ವಾರ್ಷಿಕ ರಿಟರ್ನ್ ಬರುತ್ತದೆ. ವ್ಯವಹಾರ ಶುರುವಾಗಿಲ್ಲವೆಂದು ಇದನ್ನು ಮರೆಯುವವರು ಬಹಳ. ತಡವಾದರೆ 100 ಯೂರೋ, ಆಮೇಲೆ ದಿನಕ್ಕೆ 3 ಯೂರೋದಂತೆ 1,200ರವರೆಗೆ ಏರುತ್ತದೆ. ಓದು ಮುಗಿಸಿ, ಪದವೀಧರರಿಗೆ ಕೊಡುವ ಸ್ಟ್ಯಾಂಪ್ 1ಜಿ ವಾಸ ಅನುಮತಿಯ ಮೇಲಿರುವವರು ಸ್ವಂತ ವ್ಯವಹಾರ ನಡೆಸುವಂತಿಲ್ಲ. ಹೊಸತನದ ಯೋಜನೆ ಮತ್ತು 50,000 ಯೂರೋ ಹಣ ಇದ್ದವರಿಗೆ ಉದ್ಯಮಿ ವೀಸಾ ಯೋಜನೆಯಿದೆ, ಸಾಧಾರಣ ಸೇವಾ ವ್ಯವಹಾರ ಅದರಲ್ಲಿ ಪಾಸಾಗುವುದು ಕಷ್ಟ.

ಪೋಲೆಂಡ್, ಹಂಗೇರಿ ಬಗ್ಗೆ ಚುಟುಕಾಗಿ

ಎರಡೂ ಕಡೆ 9% ಎಂಬ ಅಂಕಿ ಕಾಣುತ್ತದೆ. ಪೋಲೆಂಡಿನಲ್ಲಿ ಅದು ವಾರ್ಷಿಕ ವಹಿವಾಟು 20 ಲಕ್ಷ ಯೂರೋ ಒಳಗಿರುವ ಸಣ್ಣ ಕಂಪನಿಗೆ. ಬಂಡವಾಳ 5,000 ಝ್ಲಾಟಿ. ಒಬ್ಬರೇ ಪಾಲುದಾರರಾದರೆ ಸಾಮಾಜಿಕ ವಿಮೆಯನ್ನು ಸ್ವಯಂ ಉದ್ಯೋಗಿಯಂತೆ ಕಟ್ಟಬೇಕು, ಅದಕ್ಕೇ ಅಲ್ಲಿನವರು ಇಬ್ಬರು ಪಾಲುದಾರರನ್ನಿಟ್ಟು ಶುರು ಮಾಡುತ್ತಾರೆ. ನೌಕರರ ಸಂಬಳ ಪಶ್ಚಿಮ ಯುರೋಪಿಗಿಂತ ಕಡಿಮೆ, ಕುಶಲರು ಸಿಗುತ್ತಾರೆ. ತಂಡ ಕಟ್ಟುವವರಿಗೆ ಒಳ್ಳೆಯ ಆಯ್ಕೆ.

ಹಂಗೇರಿಯಲ್ಲಿ 9% ಎಲ್ಲ ಕಂಪನಿಗಳಿಗೂ, ಆದರೆ ಊರಿನ ವ್ಯಾಪಾರ ತೆರಿಗೆ 2%ವರೆಗೆ ಬೇರೆ, ವ್ಯಾಟ್ 27%, ಒಕ್ಕೂಟದಲ್ಲೇ ಅತಿ ಹೆಚ್ಚು. 2022ರ ಡಿಸೆಂಬರ್‌ನಲ್ಲಿ ಕಾನೂನು ಪಾಲನೆಯ ಪ್ರಶ್ನೆಯೆತ್ತಿ ಯುರೋಪಿಯನ್ ಒಕ್ಕೂಟ ಆ ದೇಶಕ್ಕೆ ಸಲ್ಲಬೇಕಿದ್ದ ಸುಮಾರು 630 ಕೋಟಿ ಯೂರೋ ತಡೆಹಿಡಿಯಿತು. ಬ್ಯಾಂಕ್, ವಿಮೆ, ಇಂಧನ, ಚಿಲ್ಲರೆ ವ್ಯಾಪಾರದ ಮೇಲೆ ವಿಶೇಷ ತೆರಿಗೆಗಳನ್ನು ಆದೇಶದ ಮೂಲಕವೇ ಹೇರಿದ ಇತಿಹಾಸವಿದೆ. ಅಲ್ಲೇ ಗಿರಾಕಿ, ಅಲ್ಲೇ ಕಾರ್ಖಾನೆ ಇಲ್ಲದವರು ಕೇವಲ ದರ ನೋಡಿ ಹೋಗಬೇಡಿ. ಎರಡೂ ದೇಶಗಳಿಗೆ ಯೂರೋ ಇಲ್ಲ, ವಿನಿಮಯ ದರದ ಏರಿಳಿತವೂ ನಿಮ್ಮ ಖರ್ಚಿಗೇ ಸೇರುತ್ತದೆ.

ಯಾರಿಗೆ ಯಾವುದು

ಭಾರತದಲ್ಲಿದ್ದು ವರ್ಷಕ್ಕೆ 75 ಲಕ್ಷದೊಳಗೆ ದುಡಿಯುವ ಒಬ್ಬಂಟಿ ವೃತ್ತಿಪರರಿಗೆ ಯುರೋಪಿನ ಕಂಪನಿ ಬೇಡವೇ ಬೇಡ. ಅಲ್ಲಿನ ಗಿರಾಕಿ ಕಂಪನಿಯೇ ಬೇಕೆಂದು ಕೇಳಿ, ಲಾಭವನ್ನು ಕೆಲವು ವರ್ಷ ಒಳಗೇ ಇಡುವಿರಾದರೆ ಎಸ್ಟೋನಿಯಾ. ಜರ್ಮನ್ ಕೈಗಾರಿಕೆಗೆ ಮಾರುವವರು, ಕೈಯಲ್ಲಿ 25,000 ಯೂರೋ ಇರುವವರು ನೇರ ಜಿಎಂಬಿಎಚ್. ನೆದರ್‌ಲ್ಯಾಂಡ್ಸ್‌ನಲ್ಲಿ ಓದುತ್ತಿರುವ, ದುಡಿಯುತ್ತಿರುವ ಸಣ್ಣ ಬಂಡವಾಳದವರು ಅಲ್ಲೇ ಏಕವ್ಯಕ್ತಿ ಉದ್ಯಮದಿಂದ ಶುರು ಮಾಡಲಿ. ಅಮೆರಿಕದ ಹೂಡಿಕೆ ನಿರೀಕ್ಷಿಸುವ ಉತ್ಪನ್ನ ಕಂಪನಿಗೆ ಐರ್ಲೆಂಡ್.

ಮ್ಯೂನಿಕ್‌ನಲ್ಲಿ ಮನೆ ಮಾಡಿಕೊಂಡು ಎಸ್ಟೋನಿಯಾದಲ್ಲಿ ಕಂಪನಿ ಇಡುವ ಯೋಚನೆ ಬೇಡ. ದಿನನಿತ್ಯದ ಆಡಳಿತ ಜರ್ಮನಿಯಿಂದ ನಡೆದರೆ ಆ ಕಂಪನಿ ಜರ್ಮನಿಯ ತೆರಿಗೆ ವಾಸಿಯೇ ಆಗುತ್ತದೆ, ಎರಡು ದೇಶಗಳ ಲೆಕ್ಕಪತ್ರ ಬರೆದು ಜರ್ಮನಿಯ ತೆರಿಗೆ ಕಟ್ಟಬೇಕಾಗುತ್ತದೆ. ಭಾರತದಲ್ಲೂ ಆಡಳಿತದ ಸ್ಥಳ ನೋಡುವ ನಿಯಮವಿದೆ. ವಹಿವಾಟು 50 ಕೋಟಿ ದಾಟದ ಕಂಪನಿಗೆ ಅದು ಅನ್ವಯಿಸದು ಎಂದು 2017ರ ಸುತ್ತೋಲೆ ಹೇಳಿದ್ದರೂ, ಕೆಲಸವೆಲ್ಲ ಬೆಂಗಳೂರಿನ ಮೇಜಿನಿಂದಲೇ ನಡೆದರೆ ಇಲ್ಲೊಂದು ಕಾಯಂ ನೆಲೆಯಿದೆ ಎಂದು ಆ ಲಾಭಕ್ಕೆ ಇಲ್ಲಿ ತೆರಿಗೆ ಕೇಳಬಹುದು.

ಭಾರತದ ಕಡೆಯ ಕಾಗದಪತ್ರ, ಮತ್ತು ಮುಚ್ಚುವ ದಿನ

ಭಾರತದ ನಿವಾಸಿ ವಿದೇಶದ ಖಾಸಗಿ ಕಂಪನಿಯ ಒಂದೇ ಒಂದು ಷೇರು ಕೊಂಡರೂ ಅದು 2022ರ ನಿಯಮಗಳ ಪ್ರಕಾರ ವಿದೇಶಿ ನೇರ ಹೂಡಿಕೆ. ಬಂಡವಾಳ ಒಂದು ಸೆಂಟ್ ಇರಲಿ, 25,000 ಯೂರೋ ಇರಲಿ, ಬ್ಯಾಂಕಿಗೆ ವಿದೇಶಿ ಹೂಡಿಕೆಯ ಅರ್ಜಿಯಾದ ಫಾರ್ಮ್ ಎಫ್‌ಸಿ ಕೊಟ್ಟು, ರಿಸರ್ವ್ ಬ್ಯಾಂಕಿನ ಗುರುತು ಸಂಖ್ಯೆ ಪಡೆದು, ಬ್ಯಾಂಕ್ ಮೂಲಕವೇ ಹಣ ಕಳಿಸಬೇಕು. ವರ್ಷಕ್ಕೆ 2,50,000 ಡಾಲರ್ ಮಿತಿ ಇದಕ್ಕೂ ಸೇರಿದೆ. ಕ್ರೆಡಿಟ್ ಕಾರ್ಡಿನಿಂದ ಬಂಡವಾಳ ಕಟ್ಟಿ, ಆಮೇಲೆ ಸರಿಪಡಿಸಲು ಹೊರಟವರು ತಡದ ಶುಲ್ಕ, ಬ್ಯಾಂಕಿನ ಪತ್ರವ್ಯವಹಾರದಲ್ಲಿ ತಿಂಗಳುಗಟ್ಟಲೆ ಸಿಲುಕುತ್ತಾರೆ. ಪ್ರತಿವರ್ಷ ಡಿಸೆಂಬರ್ 31ರೊಳಗೆ ಕಂಪನಿಯ ಸಾಧನಾ ವರದಿ ಎಪಿಆರ್ ಸಲ್ಲಿಸಬೇಕು. ಆದಾಯ ತೆರಿಗೆಯಲ್ಲಿ ವಿದೇಶಿ ಆಸ್ತಿ ಇರುವವರು ಐಟಿಆರ್-1, ಐಟಿಆರ್-4 ಹಾಕುವಂತಿಲ್ಲ. ರಿಟರ್ನ್‌ನಲ್ಲಿ ವಿದೇಶಿ ಆಸ್ತಿಗೆಂದೇ ಇರುವ ಶೆಡ್ಯೂಲ್ ಎಫ್‌ಎ ಪಟ್ಟಿಯಲ್ಲಿ ಕಂಪನಿಯನ್ನು ತೋರಿಸದಿದ್ದರೆ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ರೂಪಾಯಿ ಮೀರಿದ್ದಲ್ಲಿ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡದ ಅಪಾಯವಿದೆ.

ಮುಚ್ಚುವುದನ್ನು ತೆರೆಯುವ ದಿನವೇ ಯೋಚಿಸಿ. ಜರ್ಮನಿಯಲ್ಲಿ ಸಮಾಪನೆ ಘೋಷಿಸಿದ ಮೇಲೆ ಕಂಪನಿಗೆ ಸಾಲ ಕೊಟ್ಟವರಿಗಾಗಿ ಒಂದು ವರ್ಷ ಕಾಯಬೇಕು, ಆ ವರ್ಷದ ಲೆಕ್ಕಪತ್ರದ ಖರ್ಚೂ ನಿಮ್ಮದೇ. ನೆದರ್‌ಲ್ಯಾಂಡ್ಸ್‌ನಲ್ಲಿ ಆಸ್ತಿಯಿಲ್ಲದ ಬಿವಿಯನ್ನು ತ್ವರಿತ ವಿಧಾನದಲ್ಲಿ ಮುಚ್ಚಬಹುದು. 2023ರ ನವೆಂಬರ್‌ನಿಂದ ಅದಕ್ಕೂ ಕೊನೆಯ ಲೆಕ್ಕ ಬಹಿರಂಗ ಮಾಡಬೇಕು. ಐರ್ಲೆಂಡಿನಲ್ಲಿ ಆಸ್ತಿಯೂ ಸಾಲವೂ ತಲಾ 150 ಯೂರೋ ಮೀರದಿದ್ದರೆ ಸ್ವಇಚ್ಛೆಯಿಂದ ನೋಂದಣಿ ರದ್ದು ಕೇಳಬಹುದು. ಭಾರತದ ನಿವಾಸಿಗಳು ಷೇರು ಮಾರಿದರೂ, ಕಂಪನಿ ಮುಚ್ಚಿದರೂ, ಬರಬೇಕಾದ ಹಣವನ್ನು 90 ದಿನದೊಳಗೆ ದೇಶಕ್ಕೆ ತರಬೇಕು, ಬಂದ 30 ದಿನದೊಳಗೆ ಬ್ಯಾಂಕಿಗೆ ಫಾರ್ಮ್ ಎಫ್‌ಸಿಯಲ್ಲಿ ವರದಿ ಮಾಡಬೇಕು. ಅಲ್ಲಿಯವರೆಗೆ ಎಪಿಆರ್ ಪ್ರತಿವರ್ಷ ಹೋಗುತ್ತಲೇ ಇರಬೇಕು.